ಮೂವರ ಬೆನ್ನ ಹಿಂದೆ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆಯ ದಡದ ಶೆಡ್ಡಿನಿಂದ ನಾಲ್ವರು ಹೆಂಗಸರು ಉದ್ದನೆಯ ದೋಣಿಯೊಂದನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದಾರೆ. ಕೊನೆಯಲ್ಲಿರುವವರಿಗೆ ಮೂವತ್ತೊಂಬತ್ತು ವರ್ಷ. ಹಗಲು ಸಿಟಿ ಬಸ್ ಓಡಿಸುತ್ತಾರೆ, ಮೂರು ಒಲಿಂಪಿಕ್ಸ್ ಕಂಡಿದ್ದಾರೆ. ತಂಡಕ್ಕೆಲ್ಲ ಅವರು ‘ಅಕ್ಕ’.

“ಬಸ್ಸಲ್ಲಿ ಮುಂದೆ ನೋಡ್ಕೊಂಡು ಹೋಗ್ತೀನಿ, ಇಲ್ಲಿ ಹಿಂದೆ ನೋಡ್ಕೊಂಡು. ಎರಡು ಕಡೇನೂ ಬೈಸ್ಕೊಳ್ಳೋದು ನಾನೇ,” ಎಂದು ನಗುತ್ತಾರೆ.

ಹುಟ್ಟು ಹಾಕುವವರು ದೋಣಿ ಸಾಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಾರೆ. ಅಕ್ಕನದು ದೋಣಿಯ ಮೂತಿಯ ಜಾಗ. ಕಣ್ಣೆದುರು ಉಳಿದ ಮೂವರ ಬೆನ್ನುಗಳಷ್ಟೆ. “ಮೂರು ಸಲ ಹೋಗ್ಬಂದ್ಲು, ಟಿ.ವಿ.ಲಿ ಬರೀ ಮೊಣಕೈ ಕಾಣಿಸ್ತು,” ಎಂಬುದು ಅವರ ತಾಯಿಯ ದೂರು.

ಹದಿನಾರರ ವಯಸ್ಸಿನಲ್ಲಿ, ಇಲ್ಲೇ ಹುಟ್ಟು ಹಾಕಲು ಕಲಿಯುತ್ತಿದ್ದ ಅಣ್ಣನಿಗೆ ಊಟದ ಡಬ್ಬಿ ಕೊಡಲು ಇಲ್ಲಿಗೆ ಬಂದವರನ್ನು, ಒಬ್ಬರು ಕಡಿಮೆ ಬಿದ್ದರೆಂದು ದೋಣಿಯಲ್ಲಿ ಕೂರಿಸಿದರಂತೆ. ಅಣ್ಣ ಆರು ತಿಂಗಳಿಗೇ ಕೈಬಿಟ್ಟ. ತಂಗಿ ಪಕ್ಕೆಲುಬು ಬಿರುಕು ಬಿಟ್ಟಾಗಲೂ ಬಿಡಲಿಲ್ಲ.

ಇಂದು ನಾಲ್ಕನೇ ಒಲಿಂಪಿಕ್ಸಿನ ಜಾಗ ತೀರ್ಮಾನವಾಗಬೇಕು. ಎದುರಾಳಿ ಇಪ್ಪತ್ತೊಂದರ ‘ಪುಟ್ಟಿ’. ಒಂದರಲ್ಲಿ ಅಕ್ಕ, ಇನ್ನೊಂದರಲ್ಲಿ ಪುಟ್ಟಿ ಕೂತು ಎರಡು ದೋಣಿಗಳ ಓಟ. ಆಮೇಲೆ ಇವರಿಬ್ಬರು ದೋಣಿ ಬದಲಿಸಿ ಮತ್ತೊಂದು ಓಟ. ಅಕ್ಕನ ಹಳೆಯ ಜೊತೆಗಾರ್ತಿಯರ ದೋಣಿ ಯಾರು ಕೂತಾಗ ಹೆಚ್ಚು ಅಂತರದಿಂದ ಗೆಲ್ಲುತ್ತದೋ, ಜಾಗ ಅವರದು. ಒಬ್ಬರನ್ನು ಹೀಗೂ ತೂಗಬಹುದೇ ಎಂಬ ಕುತೂಹಲದಿಂದ ನಾನೂ ಕೋಚ್ ಜೊತೆ ಮೋಟಾರು ದೋಣಿ ಹತ್ತಿದ್ದೇನೆ.

ಮೊದಲ ಓಟದಲ್ಲಿ ಅಕ್ಕನ ದೋಣಿ ಒಂದು ದೋಣಿಯುದ್ದ ಮುಂದೆ. ಆದರೆ ಅಕ್ಕನ ಮುಖ ಗಂಟಿಕ್ಕಿದೆ. ಏದುಸಿರಲ್ಲೇ ರೇಗುತ್ತಾರೆ: “ಏನ್ರೇ ಇದು? ಯಾವತ್ತಾದ್ರೂ ಇಷ್ಟು ಎಳೆದಿದ್ರಾ? ನನಗೋಸ್ಕರ ತಾನೇ? ನಿಮ್ಮ ಬೆನ್ನು ನೋಡ್ಕೊಂಡೇ ಮುದುಕಿ ಆದೋಳು ನಾನು, ನನ್ನ ಹತ್ರ ನಾಟಕ ಬೇಡ. ಪುಟ್ಟಿ ಕೂತಾಗ್ಲೂ ಇಷ್ಟೇ ಎಳೀಬೇಕು!”

ಮೂವರೂ ತಲೆತಗ್ಗಿಸುತ್ತಾರೆ. “ಆಯ್ತಕ್ಕಾ,” ಎನ್ನುತ್ತಾಳೆ ಒಬ್ಬಳು.

ಎರಡೂ ದೋಣಿಗಳನ್ನು ಒತ್ತಟ್ಟಿಗೆ ಹಿಡಿದಾಗ ಅಕ್ಕ ಆಚೆಗೆ ದಾಟುತ್ತಾರೆ, ಪುಟ್ಟಿ ಈಚೆಗೆ. ಮತ್ತೆ ಓಟ. ಈ ಸಲ ಪುಟ್ಟಿ ಕೂತ ಅದೇ ದೋಣಿ ಒಂದೂವರೆ ದೋಣಿಯುದ್ದ ಮುಂದೆ.

“ಪುಟ್ಟೀನೇ ಕಣಮ್ಮ ಈ ಸಲ,” ಎನ್ನುತ್ತಾರೆ ಕೋಚ್.

ಪುಟ್ಟಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. “ಸೋತಿದ್ದು ನಾನು ಕಣೇ, ನೀನ್ಯಾಕೆ ಅಳ್ತೀಯ?” ಎಂದು ಗದರುವ ಅಕ್ಕನ ಕಣ್ಣೂ ತುಂಬಿದೆ.

ಬಸ್ ಡ್ಯೂಟಿಗೆ ಹೊತ್ತಾಯಿತೆಂದು ಅವರು ಖಾಕಿ ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕೇಳದೆ ಇರಲಾಗುವುದಿಲ್ಲ: ಸುಮ್ಮನಿದ್ದಿದ್ದರೆ ಜಾಗ ನಿಮ್ಮದೇ ಆಗುತ್ತಿತ್ತಲ್ಲ?

“ಆಗ್ತಿತ್ತು. ಸುಳ್ಳು ಯಾಕೆ ಹೇಳ್ಲಿ, ಹೊಟ್ಟೆ ಉರೀತಿದೆ.” ದೋಣಿ ಒರೆಸುತ್ತಿರುವ ಮೂವರ ಕಡೆ ನೋಡುತ್ತಾರೆ. “ಆದ್ರೂ ನೋಡಿ, ಇಷ್ಟು ವರ್ಷ ಬಾಯಿ ಬಡ್ಕೊಂಡಿದ್ದೀನಿ. ಇವರು ನನ್ನ ಮಾತು ಕೇಳಿದ್ದು ಇವತ್ತೇ.”