ಚಂದ್ರನಿಗೆ ಇಬ್ಬರು ಸಾಕ್ಷಿ

ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಿದ್ದು ಸುಳ್ಳು ಎಂದು ನಂಬುವವರು ಲೋಕದಲ್ಲಿ ಎಷ್ಟು ಜನರಿದ್ದಾರೋ ನಾನರಿಯೆ. ನಮ್ಮ ಕಾರಿನಲ್ಲಿ ಮಾತ್ರ ನಾಲ್ವರಲ್ಲಿ ಮೂವರಿದ್ದರು.

ಡಾಟ್‌ಕಾಂ ಕಂಪನಿಗಳು ನಾಯಿಕೊಡೆಗಳಂತೆ ಏಳುತ್ತಿದ್ದ ಕಾಲ. ಅಮೆರಿಕದ ಯೂನಿಯನ್ ಸಿಟಿಯಿಂದ ಪ್ಲೆಸೆಂಟನ್ನಿನ ಆಫೀಸಿಗೆ ಒಂದೇ ಕಾರಿನಲ್ಲಿ ಹೋಗುತ್ತಿದ್ದೆವು. ಮಂಡ್ಯದವನೊಬ್ಬ, ಹಾಸನದವನೊಬ್ಬ, ಬೆಂಗಳೂರಿನವನೊಬ್ಬ, ಜೊತೆಗೆ ಮೈಸೂರಿನ ನಾನು. ಎಲ್ಲರೂ ಇಂಜಿನಿಯರುಗಳೇ.

"ಗಾಳಿನೇ ಇಲ್ದಿರೋ ಜಾಗದಲ್ಲಿ ಬಾವುಟ ಹೆಂಗ್ಲಾ ಅಲ್ಲಾಡ್ತು?" ಎನ್ನುತ್ತಿದ್ದ ಮಂಡ್ಯದವನು.

"ಆಕಾಶದಲ್ಲಿ ಒಂದು ಸ್ಟಾರೂ ಇಲ್ಲ. ಪಕ್ಕಾ ಸ್ಟುಡಿಯೋ ಶೂಟಿಂಗು," ಎನ್ನುತ್ತಿದ್ದ ಹಾಸನದವನು. ಬೆಂಗಳೂರಿನವನು ಸ್ಟೇರಿಂಗ್ ಹಿಡಿದುಕೊಂಡೇ ತಲೆಯಾಡಿಸುತ್ತಿದ್ದ.

ಇದೇ ಮೂವರು ನಮ್ಮ ಕಂಪನಿ ಜಗತ್ತನ್ನೇ ಬದಲಾಯಿಸುತ್ತದೆಂದು ಎದೆ ತಟ್ಟಿ ಹೇಳುತ್ತಿದ್ದರು. ಇಂಟರ್ನೆಟ್ಟಿನಲ್ಲಿ ಕಿಟಕಿ ಪರದೆ ಮಾರುವ ಕಂಪನಿ ಅದು. ಇನ್ನೂ ಒಂದು ಕಿಟಕಿಗೂ ನಮ್ಮ ಪರದೆ ಏರಿರಲಿಲ್ಲ. ನಾನೊಬ್ಬನೇ ವಿಜ್ಞಾನದ ವಕೀಲ. ಅವರ ಬಾಯಿ ಮುಚ್ಚಿಸಲು ಆಫೀಸಿನ ಪ್ರಿಂಟರಿನಲ್ಲಿ ಕಂತೆ ಕಂತೆ ಹಾಳೆ ಅಚ್ಚು ಹಾಕಿಕೊಂಡು ಬ್ಯಾಗಿನಲ್ಲಿ ಹೊತ್ತು ತಿರುಗುತ್ತಿದ್ದೆ.

ಆ ಚಳಿಗಾಲ ನನ್ನ ಸೋದರಮಾವ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ನಿವೃತ್ತ ಕನ್ನಡ ಮೇಷ್ಟ್ರು. ಮನೆಯಲ್ಲೆಲ್ಲ ಉರ್ದು ನಡೆದರೂ ವಾದಕ್ಕೆ ಕೂತರೆ ಅವರಿಗೆ ಕನ್ನಡವೇ ಆಗಬೇಕು. ಇವರೂ ಆ ಮೂವರ ಪಾರ್ಟಿಯೇ ಇರಬೇಕೆಂದುಕೊಂಡು ಒಂದು ದಿನ ಚಂದ್ರನ ಮೇಲೆ ಇಳಿದವರ ವಿಷಯ ತೆಗೆದು ಕೆಣಕಿದೆ.

"ಎಷ್ಟು ಜನ ಇಳಿದ್ರಪ್ಪ?" ಎಂದರು.

"ಮೊದಲನೇ ಸಲ ಇಬ್ಬರು, ಮಾಮು."

"ಇಬ್ಬರೂ ಹೌದು ಅಂತಾರಾ?"

"ಹೂಂ."

"ಮತ್ತಿನ್ನೇನು? ಇಬ್ಬರು ಸಾಕ್ಷಿ ಇದ್ದಾರಲ್ಲ, ಮುಗೀತು."

ನನಗೆ ನಗು ತಡೆಯಲಾಗಲಿಲ್ಲ. ನನ್ನ ಹಾಳೆಗಳ ಕಂತೆಯನ್ನು ಅವರು ಮುಟ್ಟಿಯೂ ನೋಡಲಿಲ್ಲ. ಮರುದಿನ ಕಾರಿನಲ್ಲಿ ಇದನ್ನೇ ಹೇಳಿ ಎಲ್ಲರನ್ನೂ ನಗಿಸಿದೆ.

ಇಬ್ಬರೆಂಬುದು ಮಾವ ಹುಟ್ಟಿಸಿದ ಲೆಕ್ಕವೇನಲ್ಲ. ರಂಜಾನಿನ ಇಪ್ಪತ್ತೊಂಬತ್ತನೆಯ ಉಪವಾಸದ ಸಂಜೆ ಹೊಸ ಚಂದ್ರ ಕಂಡರೆ ಮರುದಿನ ಹಬ್ಬ, ಕಾಣದಿದ್ದರೆ ಇನ್ನೊಂದು ಉಪವಾಸ. ಕಂಡೆವೆಂದು ಇಬ್ಬರಾದರೂ ಹೇಳಬೇಕೆಂಬುದು ನಮ್ಮವರ ಪದ್ಧತಿ. ಮೈಸೂರಿನ ಅವರ ಮೊಹಲ್ಲಾದಲ್ಲಿ ಚಂದ್ರನನ್ನು ಮೊದಲು ಕಾಣುವ ಕಣ್ಣು ಮಾವನದೇ. ಮೇಷ್ಟ್ರು ನೋಡಿದರಂತೆ ಎಂಬ ಸುದ್ದಿ ಹಬ್ಬಿದರೆ ಸೇವಿಗೆ ಹುರಿಯಲು ಶುರು. ಎಪ್ಪತ್ತು ದಾಟಿದ ಮನುಷ್ಯನಿಗೆ ಇದ್ದ ಒಂದೇ ಜಂಬ ಅದು.

ಆ ವರ್ಷ ಇಪ್ಪತ್ತೊಂಬತ್ತನೆಯ ಸಂಜೆ ನಮ್ಮ ಕನ್ನಡನಾಡಿನ ಕುಟುಂಬಗಳೆಲ್ಲ ಒಂದು ಬಾಡಿಗೆ ಹಾಲಿನಲ್ಲಿ ಸೇರಿ, ಚಂದ್ರನನ್ನು ನೋಡಿ ಬರಲು ಮಾವನನ್ನೇ ಕಳಿಸಿದವು. ನಾನು ಡ್ರೈವರು. ಗುಡ್ಡದ ಬುಡದ ಪಾರ್ಕಿನಲ್ಲಿ ನಿಂತೆವು. ಕೆಳಗೆ ಕೊಲ್ಲಿ, ಆಚೆಗೆ ಬೆಟ್ಟದ ಸಾಲು, ಮೇಲೆಲ್ಲ ಹರಕು ಮೋಡ. ಸೂರ್ಯ ಮುಳುಗಿದ. ಜೇಬಿನಲ್ಲಿದ್ದ ಖರ್ಜೂರ ತಿಂದು ಉಪವಾಸ ಬಿಟ್ಟೆವು. ಆಗಲೇ ಸೊಂಟದ ಪೇಜರು ಗುಂಯ್ಗುಟ್ಟಿತು. ಯಾರೂ ಪರದೆ ಕೊಳ್ಳದ ನಮ್ಮ ವೆಬ್‌ಸೈಟು ಕುಸಿದು ಬಿದ್ದಿತ್ತು. ಬಗ್ಗಿ ನಂಬರು ಓದಿದೆ.

"ಅಗೋ! ಆ ಕಂಬದ ಎಡಕ್ಕೆ!" ಎಂದರು ಮಾವ.

ತಲೆ ಎತ್ತುವಷ್ಟರಲ್ಲಿ ಮೋಡ ಮುಚ್ಚಿತ್ತು. ಕತ್ತಲಾಗುವವರೆಗೆ ಕಾದರೂ ಅದು ಸರಿಯಲಿಲ್ಲ.

ಹಾಲಿನಲ್ಲಿ ಹುಡುಗಿಯರು ಮೆಹೆಂದಿ ಹಿಡಿದು ಕಾಯುತ್ತಿದ್ದರು. ನಮ್ಮ ಗುಂಪಿನ ಹಿರಿಯರು ಹುಬ್ಬಳ್ಳಿಯವರು. ಮಾವ ಚಂದ್ರ ಕಂಡನೆಂದು ಹೇಳಿದ ಕೂಡಲೇ ಕೇಳಿದರು: "ಮಾಸ್ತರ, ನಿಮ್ಮ ಜೋಡಿ ಮತ್ಯಾರು ನೋಡ್ಯಾರ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು.

"ನಾನು ನೋಡ್ಲಿಲ್ಲ. ಪೇಜರ್ ನೋಡ್ತಿದ್ದೆ," ಎಂದೆ.

ಯಾರೋ ಕಿಸಕ್ಕೆಂದರು. ಸ್ವೆಟರು ತೊಟ್ಟ ಯುವಕನೊಬ್ಬ ಬಹಳ ಮರ್ಯಾದೆಯಿಂದ, "ಅದು ಫ್ಲೈಟಿಂದು ಹೊಗೆ ಇರಬಹುದು ಅಂಕಲ್. ಏರ್‌ಪೋರ್ಟು ಆ ಕಡೆನೇ ಅಲ್ವಾ?" ಎಂದ. ಮಾವ ಅವನನ್ನು ನೋಡಿದರು, ಆಮೇಲೆ ತಮ್ಮ ಚಪ್ಪಲಿ ನೋಡಿಕೊಂಡರು. ಮೂವತ್ತನೆಯ ಉಪವಾಸವೆಂದು ತೀರ್ಮಾನವಾಯಿತು. ಎಂದೂ ಕಂಡರಿಯದ ಇಬ್ಬರು ಅಮೆರಿಕದವರ ಪರವಾಗಿ ದಿನವೂ ಫ್ರೀವೇ ಉದ್ದಕ್ಕೂ ವಾದಿಸುತ್ತಿದ್ದ ನನ್ನ ಬಾಯಿಂದ ಇನ್ನೊಂದು ಮಾತು ಹೊರಡಲಿಲ್ಲ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ನಾನೂ ನೋಡಿದೆ ಅಂದುಬಿಡಬೇಕಿತ್ತು," ಎಂದೆ ಕಾರಿನಲ್ಲಿ.

"ಹಂಗೇನಾದ್ರೂ ಅಂದಿದ್ರೆ ನಿನ್ನ ಕಾರು ಹತ್ತದೆ ನಡ್ಕೊಂಡೇ ಹೋಗ್ತಿದ್ದೆ. ನೋಡದಿದ್ದನ್ನ ನೋಡಿದೆ ಅನ್ನಬಾರದು," ಎಂದರು ಮಾವ.

ಬೆಳಗಿನ ಜಾವ ಅವರೂ ಎದ್ದು ನಮ್ಮ ಜೊತೆ ಉಂಡು ಉಪವಾಸ ಹಿಡಿದರು. "ನೀವು ಚಂದ್ರನ್ನ ಕಂಡಿದ್ದೀರಲ್ಲ ಮಾಮು, ನಿಮಗೆ ಇವತ್ತು ಹಬ್ಬ ಅಲ್ವಾ?" ಎಂದು ಕೇಳಿದೆ.

"ಒಬ್ಬನೇ ಹಬ್ಬ ಮಾಡೋಕಾಗುತ್ತೇನಪ್ಪ?" ಎಂದರು.

ಅಂದು ಕಾರಿನಲ್ಲಿ ಆ ಮೂವರು ಬಿರಿಯಾನಿ ಎಲ್ಲಿ ಎಂದು ಗಂಟು ಬಿದ್ದರು. ನಡೆದದ್ದನ್ನು ಹೇಳಿದೆ.

"ಯಜಮಾನ್ರು ಯಾಕ್ಲಾ ಸುಳ್ ಹೇಳ್ತಾರೆ? ನೋಡೇ ಇರ್ತಾರೆ," ಎಂದ ಮಂಡ್ಯದವನು. ಹಾಸನದವನೂ ಹೌದೆಂದ. ಬೆಂಗಳೂರಿನವನು ಎಂದಿನಂತೆ ತಲೆಯಾಡಿಸಿದ. ಬಾವುಟ, ಸ್ಟಾರು ಯಾವುದನ್ನೂ ಯಾರೂ ಕೇಳಲಿಲ್ಲ.

"ನಿಂಗೆ ನಂಬಿಕೆ ಇಲ್ವಾ?" ಎಂದು ಮಂಡ್ಯದವನು ಕೇಳಿದ.

ನಂಬಿಕೆ ಇತ್ತು. ನಾನು ನೋಡಲಿಲ್ಲ, ಆದರೆ ಇವರು ನೋಡಿದ್ದು ನಿಜ ಎಂದು ಆ ಹಾಲಿನಲ್ಲಿ ಹೇಳಬಹುದಿತ್ತು. ಅದರಿಂದ ಹಬ್ಬವೇನೂ ಆಗುತ್ತಿರಲಿಲ್ಲ. ಮಾವ ಒಬ್ಬರೇ ನಿಲ್ಲುತ್ತಿರಲಿಲ್ಲ, ಅಷ್ಟೇ.

ಸಂಜೆ ಬೇಗ ಮನೆಗೆ ಬಂದೆ. ಮೋಡ ಚದುರಿ, ಪಕ್ಕದ ಬಿಲ್ಡಿಂಗಿನ ಮೇಲೆ ಎರಡನೆಯ ದಿನದ ಚಂದ್ರ ದಪ್ಪಗೆ ಹೊಳೆಯುತ್ತಿದ್ದ. ಮಾವ ಬಾಲ್ಕನಿಯಲ್ಲಿ ಖರ್ಜೂರದ ತಟ್ಟೆ ಹಿಡಿದು ನಿಂತಿದ್ದರು.

"ಮಾಮು, ನಿನ್ನೆ ನೀವು ನೋಡಿದ್ದು ನಿಜ," ಎಂದೆ.

"ಇವತ್ತು ಎಲ್ಲರಿಗೂ ಕಾಣ್ತಿದೆಯಲ್ಲಪ್ಪ. ಈಗ ನಿನ್ನ ಸಾಕ್ಷಿ ಯಾಕೆ?" ಎಂದು ನಕ್ಕು, ತಟ್ಟೆಯನ್ನು ನನ್ನ ಮುಂದೆ ಹಿಡಿದರು.