ಪರಸಪ್ಪ ಗುರವರ ರೈಫಲ್

1982ರಲ್ಲಿ ನಾನು ಬೆಳಗಾವಿ ಕ್ಯಾಂಪ್‌ನ ಒಂದು ಸೇನಾ ವಸ್ತುಸಂಗ್ರಹಾಲಯದಲ್ಲಿ ಆರ್ಮರರ್ ಆಗಿದ್ದೆ. ಹಳೆಯ ಬಂದೂಕುಗಳನ್ನು ಬಿಚ್ಚಿ, ಶುಚಿ ಮಾಡಿ, ಅವುಗಳ ಪೂರ್ವಾಪರ ಹುಡುಕಿ ಬರೆದಿಡುವುದು ನನ್ನ ಕೆಲಸ. ಆ ವರ್ಷ ಉಗ್ರಾಣದಿಂದ ನಲವತ್ತೊಂದು .303 ರೈಫಲ್‌ಗಳು ಬಂದವು. ಆರನ್ನು ಉಳಿಸಿಕೊಂಡು ಮಿಕ್ಕವನ್ನು ಕತ್ತರಿಸಿ ಗುಜರಿಗೆ ಹಾಕಬೇಕೆಂದು ಆದೇಶವಿತ್ತು.

ಅವುಗಳಲ್ಲೊಂದಕ್ಕೆ ಗುರಿ ಹಿಡಿಯುವಾಗ ಕೆನ್ನೆ ಊರುವ ಮರದ ಪಟ್ಟಿ ಇತ್ತು. ಅಂಥ ಪಟ್ಟಿ ಸ್ನೈಪರ್ ರೈಫಲ್‌ನ ಗುರುತು. ಕಣ್ಣು ದುರ್ಬೀನಿನ ಎತ್ತರಕ್ಕೆ ಬರಬೇಕಲ್ಲ. ಆದರೆ ದುರ್ಬೀನು ಇರಲಿಲ್ಲ. ಅದನ್ನು ಕೂರಿಸುವ ತೂತುಗಳನ್ನೂ ಯಾರೋ ಬೆಸುಗೆ ಹಾಕಿ ಉಜ್ಜಿಬಿಟ್ಟಿದ್ದರು. ಪಟ್ಟಿಯ ಸ್ಕ್ರೂಗಳು ಅಸಲಿಗಿಂತ ಉದ್ದವಾಗಿದ್ದವು. ನಮ್ಮ ಮೇಜರ್ ಸಾಹೇಬರು ತಿರುಗಿಸಿ ನೋಡಿ, ಇದು ಸಾಮಾನ್ಯ ರೈಫಲ್, ಪಟ್ಟಿ ಆಮೇಲೆ ಯಾರೋ ಬಡಿದದ್ದು ಎಂದರು. ನನಗೂ ಪೂರ್ತಿ ಧೈರ್ಯವಿರಲಿಲ್ಲ. ಎಂಟು ದಿನ ಸಮಯ ಬೇಡಿದೆ.

ರೈಫಲ್‌ಗಳ ಜತೆ ಬಂದಿದ್ದ ಹಳೆಯ ರಿಜಿಸ್ಟರಿನಲ್ಲಿ ಅದರ ನಂಬರ್ ಸಿಕ್ಕಿತು. 1944, ಇಟಲಿ, ಅದರ ಎದುರಿಗೆ ನಾಯಕ್ ದರ್ಜೆಯ ಪರಸಪ್ಪ ಗುರವ, ಖಾನಾಪುರ. ಸ್ನೈಪರ್ ಎಂದು ಎಲ್ಲೂ ಬರೆದಿರಲಿಲ್ಲ. ಭಾನುವಾರ ಲೋಂಡಾ ಗಾಡಿ ಹತ್ತಿ ಖಾನಾಪುರದಲ್ಲಿ ಇಳಿದೆ.

ಎಪ್ಪತ್ತರ ಹತ್ತಿರದ ಪರಸಪ್ಪನವರು ಅಂಗಳದಲ್ಲಿ ಬಿದಿರು ಸೀಳುತ್ತಿದ್ದರು. ರೈಫಲ್ ಎಂದ ಕೂಡಲೇ ಕತ್ತಿ ಕೆಳಗಿಟ್ಟರು.

“ಎಷ್ಟು ಮಂದೀನ ಹೊಡದ್ರಿ ಅಂತ ಕೇಳಾಕ ಬಂದೀರೇನು? ಅದನ್ನ ನಾ ಹೇಳಂಗಿಲ್ರಿ.”

“ಅಲ್ರೀ ಅಜ್ಜಾರ, ಕೆನ್ನಿ ಪಟ್ಟಿ ಸ್ಕ್ರೂ ಯಾಕ ಉದ್ದ ಅದಾವ ಅಂತ ಕೇಳಾಕ ಬಂದೀನಿ.”

ಅವರು ಬಾಯ್ತುಂಬ ನಕ್ಕರು.

“ಬರ್ರಿ, ಕುಂದರ್ರಿ. ಮೂವತ್ತೆಂಟು ವರ್ಷದಾಗ ಇದನ್ನ ಕೇಳಿದವರು ನೀವೊಬ್ಬರ. ನನ್ನ ಮಾರಿ ಸಣ್ಣದು ನೋಡ್ರಿ, ದುರ್ಬೀನಿಗೆ ಕಣ್ಣು ಎಟಕ್ತಿರಲಿಲ್ಲ. ಹಳೇ ಬೂಟಿನ ನಾಲಿಗಿ ಕೊಯ್ದು, ಮಡಚಿ ಪಟ್ಟಿ ಕೆಳಗ ಇಟ್ಟೆ. ಅದಕ್ಕ ಉದ್ದನ್ನ ಸ್ಕ್ರೂ ಬೇಕಾತು. ಬಿಚ್ಚಿ ನೋಡ್ರಿ, ಖರೇನೋ ಸುಳ್ಳೋ.”

ಮರುದಿನ ಮೇಜರ್ ಸಾಹೇಬರ ಮುಂದೆಯೇ ಸ್ಕ್ರೂ ಬಿಚ್ಚಿದೆ. ಪಟ್ಟಿ ಮೇಲೇಳುತ್ತಲೇ ಕಪ್ಪಗೆ ಗಟ್ಟಿಯಾದ ಚರ್ಮ ಕಂಡಿತು, ಎರಡು ಮಡಿಕೆ, ಅಂಚಿನಲ್ಲಿ ಬೂಟಿನ ಹೊಲಿಗೆಯ ತೂತುಗಳು. ಸಾಹೇಬರು ಗುಜರಿಗೆ ಹೋಗುವ ರೈಫಲ್‌ಗಳ ಯಾದಿ ತರಿಸಿಕೊಂಡು, ಆ ನಂಬರನ್ನು ತಮ್ಮ ಕೈಯಿಂದಲೇ ಹೊಡೆದುಹಾಕಿದರು.

ತಿಂಗಳಾದ ಮೇಲೆ ಪರಸಪ್ಪನವರು ನೋಡಲು ಬಂದರು. ಗಾಜಿನ ಪೆಟ್ಟಿಗೆ ತೆರೆದು ರೈಫಲ್ ಅವರ ಕೈಗೆ ಕೊಟ್ಟೆ. ಭುಜಕ್ಕೇರಿಸಲಿಲ್ಲ. ಹೆಬ್ಬೆರಳಿನಿಂದ ಪಟ್ಟಿಯನ್ನಷ್ಟೇ ಸವರಿ, “ಇನ್ನೂ ಗಟ್ಟಿ ಕುಂತೈತಿ” ಎಂದು ಮರಳಿಸಿದರು.

ಅದುವರೆಗೆ ನನ್ನ ದಾಖಲೆಯಲ್ಲಿ ತಯಾರಾದ ವರ್ಷ, ನಂಬರ್, ಸ್ಥಿತಿ ಎಂಬ ಮೂರೇ ಅಂಕಣಗಳಿದ್ದವು. ‘ಹೊತ್ತವರು’ ಎಂದು ನಾಲ್ಕನೆಯದನ್ನು ಸೇರಿಸಿದೆ. ನಿವೃತ್ತಿಯವರೆಗೆ ಅದರಲ್ಲಿ ತುಂಬಿದ್ದು ಹನ್ನೆರಡೇ ಹೆಸರು. ಹನ್ನೆರಡೂ ಮನೆಗಳಿಗೆ ನಾನೇ ಹೋಗಿ, ಚಹಾ ಕುಡಿದು, ಕೇಳಿ ಬರೆದುಕೊಂಡು ಬಂದೆ. ಲೋಹ ನೋಡಿದರೆ ಸಾಕು, ಬಂದೂಕಿನ ಕಥೆಯೆಲ್ಲ ತಿಳಿಯುತ್ತದೆ ಎಂದುಕೊಂಡಿದ್ದ ನನಗೆ, ಬಾಯಿ ಬಿಟ್ಟು ಕೇಳುವುದನ್ನು ಈ ಕೆಲಸ ಕಲಿಸಿತು.