ಮಗಳು ತಿದ್ದಿದ ನನ್ನ ಮರಾಠಿ

ಮೂರನೇ ತರಗತಿಯಲ್ಲಿದ್ದಾಗ ನನ್ನ ಮಗಳು ‘ಕಮಲ’ವನ್ನು ‘ಮಕಲ’ ಎಂದು ಬರೆಯುತ್ತಿದ್ದಳು. ಹತ್ತು ಸಲ ಬರೆಸಿದರೆ ಹತ್ತು ಬಗೆಯ ಹೂ ಅರಳುತ್ತಿದ್ದವು. ಸೋಮಾರಿತನವೆಂದುಕೊಂಡು ಗದರಿದೆ, ಟ್ಯೂಷನ್ನಿಗೆ ಹಾಕಿದೆ. ಅಲ್ಲಿ ಅವಳು ಕಲಿತದ್ದು ಒಂದೇ: ಗಂಟೆಗೆ ಆರು ಸಲ ನೀರು ಕುಡಿಯಲು ಹೋಗುವುದು.

ನಾವು ಬಂದು ನೆಲೆಸಿದ ಹಡಪಸರದ ಅವಳ ಮರಾಠಿ ಶಾಲೆಯ ಶಿಕ್ಷಕಿಯೇ ಕೊನೆಗೆ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರು. ಡಾಕ್ಟರು ಎರಡು ದಿನ ಪರೀಕ್ಷಿಸಿ, ಮಗುವಿನ ಬುದ್ಧಿಗೆ ಏನೂ ಕೊರತೆಯಿಲ್ಲ, ಅಕ್ಷರ ಹಿಡಿಯುವುದಷ್ಟೇ ಕಷ್ಟ, ಪಾಠಗಳನ್ನು ನೀವೇ ಓದಿ ಹೇಳಿ ಎಂದರು. ಬಸ್ಸಿನಲ್ಲಿ ಮರಳುವಾಗ ನಾನು ಬೈದದ್ದೆಲ್ಲ ನೆನಪಾಗಿ ಅವಳ ಮುಖ ನೋಡಲಾಗಲಿಲ್ಲ. ಅವಳು ಮಾತ್ರ ಖುಷಿಯಾಗಿದ್ದಳು.

“ಅವ್ವಾ, ಇನ್ನ ಮ್ಯಾಲೆ ಓದೂದು ನಿನ್ನ ಕೆಲಸ. ಡಾಕ್ಟರ್ ಹೇಳ್ಯಾರ.”

ನಾನು ಕಲಬುರಗಿಯ ಕನ್ನಡ ಶಾಲೆಯಲ್ಲಿ ಓದಿದವಳು. ನನ್ನ ಮರಾಠಿ ತರಕಾರಿ ಕೊಳ್ಳುವಷ್ಟಕ್ಕೆ ಸಾಕು. ಪಾಠದಲ್ಲಿ ‘ತಪ್ಪು’ ಎಂಬ ಅರ್ಥದ ಮರಾಠಿ ಪದ ಬಂದಾಗ, ಅಕ್ಷರ ಇದ್ದಂತೆ ‘ಚೂಕ್’ ಎಂದು ಓದಿದೆ.

“ಚೂಕ್ ಅಲ್ಲವ್ವಾ, ತ್ಸೂಕ್. ನಾಲಿಗಿ ಹಲ್ಲಿಗೆ ತಾಗಬೇಕು.”

“ಇಲ್ಲಿ ಹಂಗ ಬರ್ದದಲ್ಲ.”

“ಬರ್ದಿದ್ದೆಲ್ಲ ನಂಬಬ್ಯಾಡ.”

ಪಕ್ಕದಲ್ಲಿದ್ದ ನನ್ನ ಗಂಡ ಮುಖ ತಿರುಗಿಸಿ ನಕ್ಕರು. ಮರುದಿನ ಅವರನ್ನೇ ಓದಲು ಕೂರಿಸಿದೆವು. ಅರ್ಧ ಪುಟಕ್ಕೇ ಅವರಿಗೆ ಕೆಮ್ಮು ಬಂತು.

ವಾರ್ಷಿಕ ಪರೀಕ್ಷೆಯಲ್ಲಿ ಶಿಕ್ಷಕಿಯೇ ಪ್ರಶ್ನೆ ಓದಿ, ಅವಳು ಹೇಳಿದ ಉತ್ತರ ಬರೆದುಕೊಂಡರು. ಫಲಿತಾಂಶದ ದಿನ ಶಾಲೆಯಿಂದ ನನಗೆ ಕರೆ ಬಂತು. ಹೆದರುತ್ತಲೇ ಹೋದೆ. “ನದಿಯ ಬಗ್ಗೆ ಎರಡು ವಾಕ್ಯ ಕೇಳಿದರೆ ಎರಡು ಪುಟ ಹೇಳಿದಳು,” ಎಂದು ಮರಾಠಿಯಲ್ಲಿ ಹೇಳಿ ಅವರು ತಮ್ಮ ಬೆರಳು ನೀವಿಕೊಂಡರು. ದೂರು ಅಷ್ಟೇ. ಪರಿಸರ ವಿಷಯದಲ್ಲಿ ಅವಳು ಇಡೀ ತರಗತಿಗೆ ಎರಡನೆಯವಳು. ಶಾಲೆಯ ಮೆಟ್ಟಿಲ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತು ಮನೆಗೆ ಬಂದೆ.

ಈಗ ಅವಳು ಐದನೇ ತರಗತಿ. ವಾರಕ್ಕೆರಡು ಸಲ ವಿಶೇಷ ಶಿಕ್ಷಕಿಯೊಬ್ಬರು ಕಲಿಸುತ್ತಾರೆ. ಭಾಷೆಯ ಅಂಕಗಳು ಇನ್ನೂ ಹೇಳಿಕೊಳ್ಳುವಂತಿಲ್ಲ. ಆದರೆ ಕಳೆದ ವಾರ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು, ತಾನೇ ಒಂದು ಸಾಲು ಓದಿದಳು. ನಡುವೆ ಬಾಯಿ ಹಾಕದಿರಲು ನಾನು ಸೆರಗು ಬಿಗಿಯಾಗಿ ಹಿಡಿದುಕೊಂಡಿದ್ದೆ. ಅಡುಗೆಮನೆಯಿಂದ ವಾಸನೆ ಬಂದರೂ ಏಳಲಿಲ್ಲ. ಸಾಲು ಮುಗಿಸಿ ಅವಳೇ ತಲೆಯೆತ್ತಿದಳು.

“ಅವ್ವಾ, ಅನ್ನ ಸೀದದ. ಹೋಗಿ ನೋಡು.”